ಸ್ಕ್ರೂಜ್ ಮಾವನ ಕೋಲು: 1989ರ ಆಟ, 2013ರ ರೀಮೇಕ್, ಮತ್ತೆ ಆ ಹಳೇ ಕಾಮಿಕ್ಸ್

ಹಳೇ ಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ರಾತ್ರಿ ಊಟ ಆದಮೇಲೆ ಮಗಳ ಜೊತೆ ಕೂತು 'ಡಕ್‌ಟೇಲ್ಸ್: ರೀಮಾಸ್ಟರ್ಡ್' ಆಡುತ್ತಿದ್ದೇನೆ. ಅವಳಿಗೆ ಒಂಬತ್ತು ವರ್ಷ. ಮೂಲ ಆಟ ಆಡಿದಾಗ ನನಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ನಮ್ಮ ಮನೆಯಲ್ಲಿ ಇದ್ದದ್ದು ಅಸಲಿ ನಿಂಟೆಂಡೋ ಅಲ್ಲ, ಅದರ ಹಾಗೇ ಇರುವ ಟಿವಿ ಗೇಮ್. ಕ್ಯಾಸೆಟ್ ಹಾಕಬೇಕು, ಚಿತ್ರ ಬರದಿದ್ದರೆ ತೆಗೆದು ಊದಬೇಕು, ಮತ್ತೆ ಒತ್ತಿ ಕೂರಿಸಬೇಕು. ಕ್ಯಾಸೆಟ್ ಪಕ್ಕದ ಬೀದಿಯ ಗೆಳೆಯನದು. ಸೋಮವಾರ ಬೆಳಗ್ಗೆ ವಾಪಸ್ ಕೊಡಬೇಕಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1989ರಲ್ಲಿ ಕ್ಯಾಪ್‌ಕಾಮ್ ಇದನ್ನು ತಂದಿತು. ಸ್ಕ್ರೂಜ್ ಮೆಕ್‌ಡಕ್ ಅನ್ನುವ ಮುದಿ ಬಾತುಕೋಳಿ. ತಲೆಗೆ ಉದ್ದ ಟೋಪಿ, ಕೈಯಲ್ಲಿ ಊರುಗೋಲು. ಆ ಕೋಲಿನ ಮೇಲೇ ನಿಂತು ಟಣ್ ಟಣ್ ಅಂತ ಪುಟಿಯುತ್ತಾ ಅಮೆಜಾನ್, ಟ್ರಾನ್ಸಿಲ್ವೇನಿಯಾ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರ, ಹೀಗೆ ಐದು ಕಡೆ ನಿಧಿ ಹುಡುಕುತ್ತಾನೆ. 24 ವರ್ಷ ಆದಮೇಲೆ 2013ರಲ್ಲಿ ವೇಫಾರ್ವರ್ಡ್ ಅನ್ನುವ ತಂಡ ಇದನ್ನು ಹೊಸದಾಗಿ ಮಾಡಿತು. ಬಾತುಕೋಳಿಗಳೆಲ್ಲ ಕೈಯಲ್ಲಿ ಬಿಡಿಸಿದ ಚಿತ್ರ, ಮಾತು, ಕಥೆ ಎಲ್ಲ ಸೇರಿಸಿ.

ಮೊನ್ನೆ ಹಿಮಾಲಯದ ಹಂತದಲ್ಲಿ ಮಗಳು ಕಂಟ್ರೋಲರ್ ಕೆಳಗಿಟ್ಟು ಕೇಳಿದಳು: "ಅಪ್ಪಾ, ಇವನ ಹತ್ರ ಆಗಲೇ ಅಷ್ಟೊಂದು ದುಡ್ಡಿದೆ. ಮತ್ತೆ ಯಾಕೆ ಈ ಚಳಿಯಲ್ಲಿ ಬಂದಿದ್ದಾನೆ?"

ನನಗೆ ಉತ್ತರ ಹೊಳೆಯಲಿಲ್ಲ. ಆಟ ಪೂರ್ತಿ ಮುಗಿಸಿದವನು ನಾನು, ಎಷ್ಟು ಸಲ ಅಂತ ಲೆಕ್ಕ ಇಲ್ಲ. ಆದರೆ ಈ ಪ್ರಶ್ನೆ ನನಗೆ ಯಾವತ್ತೂ ಬಂದಿರಲಿಲ್ಲ. ಕಾಮಿಕ್ಸ್ ಓದಿದವರು ಇಲ್ಲಿ ಇದ್ದೀರಿ ಅಂತ ಗೊತ್ತು. ಅವಳಿಗೆ ಏನು ಹೇಳಲಿ? ಎಲ್ಲಿಂದ ಓದಿಸಲಿ? ಹಾಗೇ ರೀಮೇಕ್ ನಿಮಗೆ ಹೇಗನ್ನಿಸಿತು ಅಂತಲೂ ಹೇಳಿ.

ಎಂಟು ಬಿಟ್

ಮೊದಲು ಆಟದ ಮಾತು, ಕಾಮಿಕ್ಸ್ ನನ್ನ ಕ್ಷೇತ್ರ ಅಲ್ಲ.

ಈ ಆಟದ ಜೀವ ಇರುವುದು ಒಂದೇ ಜಾಗದಲ್ಲಿ, ಕೋಲಿನ ಪುಟಿತದಲ್ಲಿ. ಹಳೇ ಆಟದಲ್ಲಿ ಜಿಗಿಯಬೇಕು, ಗಾಳಿಯಲ್ಲಿರುವಾಗ ಕೆಳಗಿನ ಗುಂಡಿ ಮತ್ತು ಬಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಸ್ವಲ್ಪ ತಡವಾದರೆ ಸ್ಕ್ರೂಜ್ ಸುಮ್ನೆ ಶತ್ರುವಿನ ಮೇಲೆ ಬಿದ್ದು ಪೆಟ್ಟು ತಿನ್ನುತ್ತಾನೆ. ಸರಿಯಾಗಿ ಒತ್ತಿದರೆ ಶತ್ರುವೇ ಮೆಟ್ಟಿಲು. ಒಬ್ಬನ ತಲೆ ಮೇಲಿಂದ ಇನ್ನೊಬ್ಬನ ತಲೆಗೆ, ಅಲ್ಲಿಂದ ಮೇಲಿನ ಕಟ್ಟೆಗೆ. ಹೊಡೆಯುವುದೂ ಓಡಾಡುವುದೂ ಒಂದೇ ಕೆಲಸ ಆಗಿಬಿಡುತ್ತದೆ. ಅದೇ ಕಾಲದ ಎಷ್ಟೋ ಆಟಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಗುಂಡಿ ಇರುತ್ತಿದ್ದವು. ಕ್ಯಾಪ್‌ಕಾಮ್‌ನದೇ ಇನ್ನೊಂದು ಆಟ ಮೆಗಾ ಮ್ಯಾನ್‌ನ ಕೆಲಸದಲ್ಲಿ ಇದ್ದ ತೊಕುರೊ ಫುಜಿವಾರಾ, ಕೇಜಿ ಇನಾಫುನೆ ಇದರಲ್ಲೂ ಇದ್ದರು. ಆ ಅಚ್ಚುಕಟ್ಟುತನ ಹಾಗೇ ಕಾಣುತ್ತದೆ.

ಈಗ ನಿಮ್ಮ ಮಗಳು ನಿಂತಿರುವ ಹಿಮಾಲಯಕ್ಕೆ ಬನ್ನಿ. ಅಲ್ಲಿ ಮೆತ್ತನೆ ಹಿಮದ ಮೇಲೆ ಪುಟಿಯಲು ಹೋದರೆ ಕೋಲು ಹೂತುಹೋಗುತ್ತದೆ. ಬೇರೆ ಹಂತಗಳು ನಿಮಗೆ ಕಲಿಸಿದ ಒಂದೇ ವಿದ್ಯೆಯನ್ನು ಈ ಹಂತ ಕಿತ್ತುಕೊಳ್ಳುತ್ತದೆ. ಎಲ್ಲಿ ಹಿಮ, ಎಲ್ಲಿ ಗಟ್ಟಿ ನೆಲ ಅಂತ ನೋಡಿ ನೋಡಿ ಹೆಜ್ಜೆ ಇಡಬೇಕು. ಒಂದು ಅಕ್ಷರದ ವಿವರಣೆ ಇಲ್ಲದೆ ಆಟ ಇದನ್ನು ಹೇಳಿಕೊಡುತ್ತದೆ.

ರೀಮೇಕ್‌ನಲ್ಲಿ ಒಂದೇ ಗುಂಡಿ ಹಿಡಿದುಕೊಂಡರೆ ಸಾಕು, ಪುಟಿಯುತ್ತಾನೆ. ಮಕ್ಕಳಿಗೆ ಒಳ್ಳೆಯದು. ಹಳೇ ರೀತಿ ಬೇಕಿದ್ದರೆ ಸೆಟ್ಟಿಂಗ್‌ನಲ್ಲಿ 'ಹಾರ್ಡ್ ಪೋಗೋ' ಇದೆ. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ನನ್ನ ತಕರಾರು ಆ ಮಾತುಗಳ ಬಗ್ಗೆ. ಹತ್ತು ಹೆಜ್ಜೆ ಹೋದರೆ ಆಟ ನಿಲ್ಲುತ್ತದೆ, ಯಾರೋ ಮಾತಾಡುತ್ತಾರೆ. ಅಮೆಜಾನ್‌ನಲ್ಲಿ ನಾಣ್ಯಗಳನ್ನು ಕೂಡಿಹಾಕದೆ ಗುಡಿ ಬಾಗಿಲು ತೆರೆಯಲ್ಲ. ಮೂಲ ಆಟದಲ್ಲಿ ಗಡಿಯಾರ ಓಡುತ್ತಿತ್ತು, ನಾವೂ ಓಡುತ್ತಿದ್ದೆವು. ಆ ಓಟ ಇಲ್ಲಿ ತುಂಡು ತುಂಡಾಗಿದೆ.

ಪುಟ ಮಡಚಬೇಡಿ

@ಹಳೇ ಕ್ಯಾಸೆಟ್, ನಿಮ್ಮ ಮಗಳ ಪ್ರಶ್ನೆಯೇ ಕಾಮಿಕ್ಸ್‌ನ ಪ್ರಶ್ನೆ. 1952ರಲ್ಲಿ ಸ್ಕ್ರೂಜ್ ಹೆಸರಲ್ಲೇ ಬಂದ ಮೊದಲ ಪುಸ್ತಕದ ಕಥೆ 'ಓನ್ಲಿ ಎ ಪುವರ್ ಓಲ್ಡ್ ಮ್ಯಾನ್'. ಅದರಲ್ಲೇ ಉತ್ತರ ಇದೆ.

ಸ್ಕ್ರೂಜ್‌ನನ್ನು ಹುಟ್ಟಿಸಿದವರು ಕಾರ್ಲ್ ಬಾರ್ಕ್ಸ್. ಮೊದಲು ಬಂದದ್ದು 1947ರ ಡಿಸೆಂಬರ್‌ನಲ್ಲಿ, ಡೊನಾಲ್ಡ್ ಡಕ್‌ನ ಒಂದು ಕ್ರಿಸ್‌ಮಸ್ ಕಥೆಯಲ್ಲಿ. ಹೆಸರು ಡಿಕನ್ಸ್‌ನ ಜಿಪುಣನಿಂದ ತೆಗೆದದ್ದು. ಆಗ ಅವನು ಬರೀ ಸಿಡುಕಿನ ಮುದುಕ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಒಂದೇ ಕಥೆಗೆ ಅಂತ ಬಂದವನು ಉಳಿದುಕೊಂಡ. 1952ರ ಹೊತ್ತಿಗೆ ಬಾರ್ಕ್ಸ್ ಅವನ ಒಳಗೆ ಇಣುಕಿ ನೋಡಿದ್ದರು.

ಆ ಕಥೆಯಲ್ಲಿ ಸ್ಕ್ರೂಜ್ ತನ್ನ ಹಣದ ಕಣಜದಲ್ಲಿ ಕೂತು ನಾಣ್ಯ, ನೋಟು ಎತ್ತಿ ಎತ್ತಿ ಮನೆಯ ಮೂವರು ಹುಡುಗರಿಗೆ ತೋರಿಸುತ್ತಾನೆ. ಇದು ಕೆನಡಾದ ಚಿನ್ನದ ನಾಡು ಕ್ಲಾಂಡೈಕ್‌ನಲ್ಲಿ ದುಡಿದದ್ದು, ಇದು ಇನ್ನೆಲ್ಲೋ ದುಡಿದದ್ದು ಅಂತ. ಅವನಿಗೆ ಅದು ದುಡ್ಡಲ್ಲ, ನೆನಪು. ಖರ್ಚು ಮಾಡಿದರೆ ನೆನಪೇ ಹೋಗುತ್ತದೆ. ಕೊನೆಯಲ್ಲಿ ಬೀಗಲ್ ಬಾಯ್ಸ್ ಅನ್ನುವ ಕಳ್ಳರ ಗುಂಪಿನವರು ಆ ಹಣವನ್ನೆಲ್ಲ ದೋಚುತ್ತಾರೆ. ಸ್ಕ್ರೂಜ್ ಒಂದೇ ಒಂದು ಸಲ ಧುಮುಕಿ ಈಜಲು ಬಿಡಿ ಅಂತ ಕೇಳಿಕೊಳ್ಳುತ್ತಾನೆ. ಅವನು ಮೀನಿನ ಹಾಗೆ ಈಜುವುದನ್ನು ನೋಡಿ ಕಳ್ಳರೂ ತಲೆ ಕೆಳಗಾಗಿ ಧುಮುಕುತ್ತಾರೆ. ನಾಣ್ಯದ ರಾಶಿ ಗಟ್ಟಿ ಅಲ್ವಾ, ತಲೆಗೆ ಏಟು ಬಿದ್ದು ಅಲ್ಲೇ ಮೂರ್ಛೆ. ಆ ಹಣದಲ್ಲಿ ಈಜುವ ವಿದ್ಯೆ ದುಡಿದವನಿಗೆ ಮಾತ್ರ ಗೊತ್ತು.

ರೀಮೇಕ್‌ನಲ್ಲಿ ಒಂದೊಂದು ಹಂತ ಮುಗಿದಾಗ ಕಣಜಕ್ಕೆ ಧುಮುಕಿ ಈಜಬಹುದು, ನೋಡಿದ್ದೀರಾ? ಅದು 1952ರ ಆ ಪುಟದ ಮಗು.

ಇನ್ನೂ ಹೇಳಬೇಕು. ಆಟದ ಹಿಮಾಲಯದ ನಿಧಿ ಚೆಂಗೀಸ್ ಖಾನನ ಕಿರೀಟ. ಅದು ಬಾರ್ಕ್ಸ್‌ರ 1956ರ ಕಥೆ, ಹಿಮಮಾನವನ ಸಮೇತ. ಆಫ್ರಿಕಾ ಗಣಿಯ ಕೊನೆಯಲ್ಲಿ ಉರುಳಿ ಉರುಳಿ ಬರುವ ನೆಲದಡಿಯ ರಾಜ ಇದ್ದಾನಲ್ಲ, ಅವನ ಮೂಲ ಕೂಡ ಅದೇ ವರ್ಷದ 'ಲ್ಯಾಂಡ್ ಬಿನೀತ್ ದಿ ಗ್ರೌಂಡ್'. ಭೂಕಂಪ ಆದರೆ ತನ್ನ ಕಣಜ ಕುಸಿಯುತ್ತೇನೋ ಅನ್ನುವ ಭಯಕ್ಕೆ ಸ್ಕ್ರೂಜ್ ನೆಲ ಕೊರೆಸುತ್ತಾನೆ. ಕೆಳಗೆ ನೋಡಿದರೆ ಉರುಳಾಡುತ್ತಾ ಭೂಕಂಪ ಮಾಡುವುದೇ ಆಟ ಅಂದುಕೊಂಡ ಜನ! 1956ರ ಕಾಮಿಕ್ಸ್‌ನಿಂದ 1987ರ ಡಕ್‌ಟೇಲ್ಸ್ ಟಿವಿ ಧಾರಾವಾಹಿಗೆ, ಅಲ್ಲಿಂದ 1989ರ ಕ್ಯಾಸೆಟ್‌ಗೆ, ಅಲ್ಲಿಂದ ನಿಮ್ಮ ಮನೆಗೆ ಬಂದಿದ್ದಾರೆ.

ರೀಮೇಕ್ ಮಾಡಿದವರು ಕಾಮಿಕ್ಸ್ ಓದಿದವರು ಅಂತ ನನಗೆ ಖಾತ್ರಿಯಾದದ್ದು ಕೊನೆಯ ಹಂತದಲ್ಲಿ. ಹಳೇ ಆಟದಲ್ಲಿ ಕೊನೆಯ ಕಾಳಗಕ್ಕೆ ಮತ್ತೆ ಟ್ರಾನ್ಸಿಲ್ವೇನಿಯಾಗೇ ಹೋಗಬೇಕಿತ್ತು. ಹೊಸದರಲ್ಲಿ ಅದು ವೆಸೂವಿಯಸ್ ಬೆಟ್ಟ. 1961ರಲ್ಲಿ ಬಾರ್ಕ್ಸ್ ಮ್ಯಾಜಿಕಾ ಅನ್ನುವ ಮಾಟಗಾತಿಯನ್ನು ತಂದಾಗ ಅವಳಿಗೆ ಮನೆ ಕೊಟ್ಟದ್ದು ಅಲ್ಲೇ, ಆ ಜ್ವಾಲಾಮುಖಿಯ ಇಳಿಜಾರಲ್ಲಿ. ಅವಳನ್ನು ಅವಳ ಮನೆಗೇ ಕರೆದುಕೊಂಡು ಹೋಗಿದ್ದಾರೆ. ಇಂಥ ಬದಲಾವಣೆಯನ್ನು ನಾನು ಎರಡು ಕೈಯಲ್ಲಿ ಒಪ್ಪುತ್ತೇನೆ.

ಆಗುಂಬೆ ಮಳೆ

@ಎಂಟು ಬಿಟ್ ಅವರೇ, ಮಾತು ಜಾಸ್ತಿ ಆಯ್ತು ಅಂದಿರಿ. ನನಗೆ ಆ ಮಾತೇ ಮುಖ್ಯ.

90ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಡಕ್‌ಟೇಲ್ಸ್ ಹಿಂದಿಯಲ್ಲಿ ಬರುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಆಂಟೆನಾ ಹಿಡಿದು ಒಬ್ಬರು ಹೊರಗೆ ನಿಲ್ಲಬೇಕು. ಅಣ್ಣ ಕೊಡೆ ಹಿಡಿದು ನಿಲ್ಲುತ್ತಿದ್ದ, ನಾನು ಒಳಗಿಂದ "ಬಂತು, ಬಂತು, ಹೋಯ್ತು" ಅಂತ ಕೂಗುತ್ತಿದ್ದೆ. ಅರ್ಧ ಹಿಂದಿ ಅರ್ಥ ಆಗುತ್ತಿರಲಿಲ್ಲ. ಆದರೆ ಸ್ಕ್ರೂಜ್ ಗದರಿದರೆ ಗೊತ್ತಾಗುತ್ತಿತ್ತು, ಒಳಗೊಳಗೇ ಖುಷಿಪಟ್ಟರೂ ಗೊತ್ತಾಗುತ್ತಿತ್ತು.

ಇಂಗ್ಲಿಷ್ ಧ್ವನಿ ನಾನು ಕೇಳಿದ್ದು ತುಂಬಾ ತಡವಾಗಿ. ಅದು ಅಲನ್ ಯಂಗ್ ಅವರದು. ಹುಟ್ಟಿದ್ದು 1919ರಲ್ಲಿ ಇಂಗ್ಲೆಂಡಿನಲ್ಲಿ, ಬೆಳೆದದ್ದು ಎಡಿನ್‌ಬರೋದಲ್ಲಿ. ಹಾಗಾಗಿ ಆ ಸ್ಕಾಟಿಷ್ ಎಳೆತ ಕಲಿತದ್ದಲ್ಲ, ಮನೆಯದು. 1987ರ ಧಾರಾವಾಹಿಯ ನೂರು ಕಂತುಗಳಲ್ಲೂ ಅವರೇ. ಈ ರೀಮೇಕ್ ಬಂದಾಗ ಅವರಿಗೆ 93 ವರ್ಷ. ಮ್ಯಾಜಿಕಾಗೆ ಧ್ವನಿ ಕೊಟ್ಟ ಜೂನ್ ಫೋರೇ ಅವರಿಗೆ 95. ಅಲನ್ ಯಂಗ್ 2016ರಲ್ಲಿ ತೀರಿಕೊಂಡರು, ಫೋರೇ ಅದರ ಮರುವರ್ಷ.

ಯೋಚನೆ ಮಾಡಿ. ಆ ತಂಡ ಇನ್ನು ಸ್ವಲ್ಪ ವರ್ಷ ತಡ ಮಾಡಿದ್ದರೆ ಈ ಧ್ವನಿಗಳು ಸಿಗುತ್ತಲೇ ಇರಲಿಲ್ಲ. ಅಮೆಜಾನ್‌ನಲ್ಲಿ ನಡುನಡುವೆ ನಿಲ್ಲಿಸಿ ಮಾತಾಡುತ್ತಾರೆ, ನಿಜ. ನಾನು ಒಂದನ್ನೂ ಸ್ಕಿಪ್ ಮಾಡಿಲ್ಲ. ಅಲ್ಲಲ್ಲಿ ಅಲನ್ ಯಂಗ್ ಅವರ ಉಸಿರು ಸ್ವಲ್ಪ ಭಾರ ಅನ್ನಿಸುತ್ತದೆ. ಮುದುಕನ ಪಾತ್ರಕ್ಕೆ ಕೊನೆಗೂ ಮುದುಕನ ಉಸಿರು ಸಿಕ್ಕಿತು ಅನ್ನಿಸಿತು ನನಗೆ.

ಎಂಟು ಬಿಟ್

@ಆಗುಂಬೆ ಮಳೆ, ಈ ರೀತಿ ಯೋಚಿಸಿರಲಿಲ್ಲ. ಇವತ್ತು ರಾತ್ರಿ ಒಂದು ಹಂತ ಸ್ಕಿಪ್ ಮಾಡದೆ ಆಡುತ್ತೇನೆ.

ಆದರೂ ಒಂದು ಮಾತು. ಆಟದಲ್ಲಿ ಮಾತಿಲ್ಲದೆ ಭಾವ ಬರಲ್ಲ ಅಂತಿಲ್ಲ. ಚಂದ್ರನ ಹಂತದ ಸಂಗೀತ ಕೇಳಿ. ಹಿರೋಷಿಗೆ ತೊನೊಮುರಾ ಮಾಡಿದ್ದು, ಆ ಚಿಕ್ಕ ಯಂತ್ರದ ಬೆರಳೆಣಿಕೆಯ ಸ್ವರದಾರಿಗಳಲ್ಲಿ. ಮೇಲೆ ಕಪ್ಪು ಆಕಾಶ, ಕೆಳಗೆ ಈ ಮುದುಕ ಒಬ್ಬನೇ ಪುಟಿಯುತ್ತಿದ್ದಾನೆ. ಆ ರಾಗ ಏರುತ್ತಾ ಹೋಗುತ್ತದೆ. ರೀಮೇಕ್‌ನಲ್ಲಿ ಜೇಕ್ ಕಾಫ್‌ಮನ್ ಅದನ್ನು ಹೊಸ ವಾದ್ಯಗಳಲ್ಲಿ ಮಾಡಿದ್ದಾರೆ, ಚೆನ್ನಾಗಿದೆ. ಆಟ ಒಮ್ಮೆ ಮುಗಿಸಿದರೆ ಹಳೇ ಎಂಟು ಬಿಟ್ ಸಂಗೀತವನ್ನೇ ಹಾಕಿಕೊಳ್ಳುವ ಅವಕಾಶವೂ ಸಿಗುತ್ತದೆ. 2017ರ ಹೊಸ ಧಾರಾವಾಹಿಯಲ್ಲಿ ಅದೇ ರಾಗಕ್ಕೆ ಮಾತು ಹಾಕಿ ಡೆಲ್ಲಾ ತನ್ನ ಮಕ್ಕಳಿಗೆ ಲಾಲಿ ಹಾಡುತ್ತಾಳೆ. ಅವಳು ಚಂದ್ರನ ಮೇಲೆ ಸಿಕ್ಕಿಹಾಕಿಕೊಂಡ ತಾಯಿ. ಆಟದ ರಾಗವೊಂದು ಕಥೆಯ ಒಳಗೆ ಹೀಗೆ ಹೋಗಿ ಕೂತದ್ದು ನಾನು ಬೇರೆಲ್ಲೂ ನೋಡಿಲ್ಲ.

ತಾಯಿ ಕಡೆಯವ

ಶೀರ್ಷಿಕೆಯಲ್ಲಿ 'ಮಾವ' ಅಂತ ಬರೆದಿದ್ದೀರಲ್ಲ, ಅದು ಅಕ್ಷರಶಃ ಸರಿ. ಇಂಗ್ಲಿಷ್‌ನಲ್ಲಿ ಎಲ್ಲರೂ ಅಂಕಲ್. ಕಾಮಿಕ್ಸ್‌ನ ವಂಶವೃಕ್ಷ ನೋಡಿದರೆ ಡೊನಾಲ್ಡ್‌ನ ತಾಯಿ ಹಾರ್ಟೆನ್ಸ್, ಸ್ಕ್ರೂಜ್‌ನ ತಂಗಿ. ಅಂದರೆ ಸ್ಕ್ರೂಜ್ ಡೊನಾಲ್ಡ್‌ಗೆ ಸೋದರಮಾವ. ಆ ಮೂವರು ಹುಡುಗರು ಡೊನಾಲ್ಡ್‌ನ ಸಹೋದರಿ ಡೆಲ್ಲಾಳ ಮಕ್ಕಳು, ಹಾಗಾಗಿ ಡೊನಾಲ್ಡ್ ಕೂಡ ಅವರಿಗೆ ಸೋದರಮಾವನೇ. ಎರಡು ತಲೆಮಾರು ಮಾವಂದಿರೇ ಮಕ್ಕಳನ್ನು ಸಾಕಿದ ಮನೆ. ನಾನೂ ಮಾವನ ಮನೆಯಲ್ಲಿ ಬೆಳೆದವನು. ಬೈಯುತ್ತಲೇ ಫೀಸು ಕಟ್ಟುವ ಮಾವ ನನಗೆ ಹೊಸಬನಲ್ಲ.

ಪುಟ ಮಡಚಬೇಡಿ

ವಂಶವೃಕ್ಷದ ಮಾತು ಬಂತು, ಹಾಗಾದರೆ ಡಾನ್ ರೋಸಾ ಬಗ್ಗೆ ಹೇಳದೆ ಇರಲಾರೆ.

ಬಾರ್ಕ್ಸ್ ತಮ್ಮ ಕಥೆಗಳಲ್ಲಿ ಸ್ಕ್ರೂಜ್‌ನ ಹಿಂದಿನ ಬದುಕಿನ ಬಗ್ಗೆ ಇಲ್ಲೊಂದು ಅಲ್ಲೊಂದು ಸಾಲು ಬಿಟ್ಟುಹೋಗಿದ್ದರು. ಅಮೆರಿಕದ ಕೆಂಟಕಿಯಲ್ಲಿ ಮನೆಯವರ ಕಟ್ಟಡದ ವ್ಯವಹಾರ ನೋಡಿಕೊಂಡಿದ್ದ ರೋಸಾ ಆ ಚೂರುಗಳನ್ನೆಲ್ಲ ಕೂಡಿಸಿ 12 ಅಧ್ಯಾಯದ 'ದಿ ಲೈಫ್ ಅಂಡ್ ಟೈಮ್ಸ್ ಆಫ್ ಸ್ಕ್ರೂಜ್ ಮೆಕ್‌ಡಕ್' ಬರೆದರು. ಮೊದಲು ಬಂದದ್ದು ಡೆನ್ಮಾರ್ಕ್‌ನಲ್ಲಿ, 1992ರಿಂದ. 1995ರಲ್ಲಿ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಬಂತು.

ಮೊದಲ ಅಧ್ಯಾಯ, 1877ರ ಗ್ಲಾಸ್ಗೋ. ಪುಟ್ಟ ಸ್ಕ್ರೂಜ್ ಬೂಟ್ ಪಾಲಿಷ್ ಪೆಟ್ಟಿಗೆ ಇಟ್ಟುಕೊಂಡು ಬೀದಿಯಲ್ಲಿ ಕೂತಿದ್ದಾನೆ. ಮೊದಲ ಗಿರಾಕಿ ಗುಂಡಿ ತೋಡುವ ಕೂಲಿ. ಬೂಟಿನ ಮೇಲೆ ಹೆಪ್ಪುಗಟ್ಟಿದ ಕೆಸರು. ಹುಡುಗ ಕೆರೆದು, ಉಜ್ಜಿ, ಸುಸ್ತಾಗಿ ಬೀಳುವ ತನಕ ಕೆಲಸ ಮಾಡುತ್ತಾನೆ. ಕೈಗೆ ಸಿಕ್ಕಿದ್ದು ಅಮೆರಿಕದ ಹತ್ತು ಸೆಂಟಿನ ನಾಣ್ಯ. ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಒಂದು ತುಂಡು ಬ್ರೆಡ್ಡೂ ಬರಲ್ಲ. ಆ ನಾಣ್ಯವನ್ನು ಅವನು ಬಿಸಾಕಲಿಲ್ಲ. ಇನ್ನು ಮುಂದೆ ಯಾರ ಹತ್ತಿರವೂ ಮೋಸ ಹೋಗಲ್ಲ, ಆದರೆ ಯಾರಿಗೂ ಮೋಸ ಮಾಡಲ್ಲ ಅಂತ ನಿರ್ಧಾರ ಮಾಡಿದ. ಮ್ಯಾಜಿಕಾ ಕದಿಯಲು ಬರುವುದು ಇದೇ ನಾಣ್ಯ. ಟಿವಿಯಲ್ಲಿ ಇದನ್ನು ಅದೃಷ್ಟದ ನಾಣ್ಯ ಅಂದರು. ಅದೃಷ್ಟದ್ದಲ್ಲ ಅಂತ ರೋಸಾ ಪಟ್ಟು ಹಿಡಿದರು. ನನಗೂ ಅದೇ ಸರಿ ಅನ್ನಿಸುತ್ತದೆ. ಅದೃಷ್ಟ ಅಂದರೆ ಅವನ ದುಡಿಮೆಗೆ ಬೆಲೆ ಎಲ್ಲಿ ಉಳಿಯಿತು?

ಆದರೆ @ಹಳೇ ಕ್ಯಾಸೆಟ್, ಮಗಳಿಗೆ ಮೊದಲು ರೋಸಾ ಕೊಡಬೇಡಿ. ಒಂದೊಂದು ಚೌಕಟ್ಟಿನಲ್ಲೂ ಹತ್ತು ವಿವರ ತುಂಬಿರುತ್ತಾರೆ, ಒಂಬತ್ತು ವರ್ಷಕ್ಕೆ ಭಾರ. ಬಾರ್ಕ್ಸ್‌ರ 'ಬ್ಯಾಕ್ ಟು ದಿ ಕ್ಲಾಂಡೈಕ್' ಕೊಡಿ, 1953ರದು. ಸ್ಕ್ರೂಜ್‌ಗೆ ಮರೆವು ಶುರುವಾಗಿದೆ, ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ತಿಂದಾಗ ನೆನಪಾಗುವುದು ಐವತ್ತು ವರ್ಷದ ಹಿಂದೆ ಚಿನ್ನ ಹೂತಿಟ್ಟ ಜಾಗ, ಮತ್ತು ಸಾಲ ಉಳಿಸಿಕೊಂಡ ಗೋಲ್ಡಿ. ಹೋಗಿ ನೋಡಿದರೆ ಅವಳೂ ಮುದುಕಿ, ಕಡು ಬಡವಿ. ಸ್ಕ್ರೂಜ್ ಸಾಲ ವಸೂಲಿ ಬಿಟ್ಟು ಒಂದು ಪಂದ್ಯ ಕಟ್ಟುತ್ತಾನೆ, ಯಾರು ಮೊದಲು ಚಿನ್ನ ಅಗೆಯುತ್ತಾರೋ ಅಂತ. ಅವಳು ಗೆಲ್ಲುತ್ತಾಳೆ. ಇವನು ಮಾತ್ರೆ ತಿನ್ನೋದು ಮರೆತೆ, ಜಾಗ ನೆನಪಾಗಲಿಲ್ಲ ಅಂತ ಹೊಟ್ಟೆ ಉರಿದುಕೊಳ್ಳುತ್ತಾನೆ. ಡೊನಾಲ್ಡ್‌ಗೆ ಮಾತ್ರ ಗೊತ್ತು, ಅವತ್ತು ಬೆಳಗ್ಗೆ ಮಾವ ಮಾತ್ರೆ ತಿಂದಿದ್ದ.

ಈ ಕಥೆಯ ಕೆಲವು ಪುಟಗಳನ್ನು ಆಗಿನ ಪ್ರಕಾಶಕರು ಮಕ್ಕಳ ಪುಸ್ತಕಕ್ಕೆ ಬೇಡ ಅಂತ ಕಿತ್ತುಹಾಕಿದ್ದರು. ಎಷ್ಟೋ ವರ್ಷ ಆದಮೇಲೆ ಅವು ಮತ್ತೆ ಸೇರಿದವು. ಸೇರಿರುವ ಮುದ್ರಣವನ್ನೇ ತೆಗೆದುಕೊಳ್ಳಿ.

ಸ್ಟುಟ್‌ಗಾರ್ಟ್ ಕಿಟಕಿ

ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಸ್ಕ್ರೂಜ್ ಹೆಸರು ಡಾಗೊಬರ್ಟ್. ಇಟಲಿಯಲ್ಲಿ ಪಾಪೆರೋನೆ, ಫಿನ್‌ಲೆಂಡ್‌ನಲ್ಲಿ ರೋಪೆ. ರೈಲು ನಿಲ್ದಾಣದ ಪತ್ರಿಕೆ ಅಂಗಡಿಯಲ್ಲಿ ಈಗಲೂ ಬಾತುಕೋಳಿ ಪುಸ್ತಕ ಸಾಲಾಗಿ ನಿಂತಿರುತ್ತವೆ, ದೊಡ್ಡವರೇ ಕೊಳ್ಳುತ್ತಾರೆ.

ಅದಕ್ಕೆ ಮುಖ್ಯ ಕಾರಣ ಎರಿಕಾ ಫುಕ್ಸ್. 1951ರಿಂದ ಇಲ್ಲಿನ ಮಿಕ್ಕಿ ಮೌಸ್ ಪತ್ರಿಕೆಯ ಸಂಪಾದಕಿ, ಅನುವಾದಕಿ. ಪದಕ್ಕೆ ಪದ ಇಡಲಿಲ್ಲ. ಜರ್ಮನ್ ಕವಿಗಳ ಸಾಲುಗಳನ್ನೆಲ್ಲ ಬಾತುಕೋಳಿ ಬಾಯಲ್ಲಿ ಹಾಕಿದರು. ಕ್ರಿಯಾಪದದ ಬಾಲ ಕತ್ತರಿಸಿ ಸದ್ದಿನ ಪದ ಮಾಡಿದರು, ಅದು ಮಕ್ಕಳ ಬಾಯಲ್ಲೂ ನಿಂತಿತು. ಓದುವಾಗೆಲ್ಲ ಅನ್ನಿಸುತ್ತದೆ, ಕನ್ನಡಕ್ಕೆ ಇದು ಬಂದರೆ ಎಷ್ಟು ಚೆನ್ನ! ಧೊಪ್, ದಬಾರ್, ಚಟಾರ್, ಗಳಗಳ, ಸರಸರ. ಸದ್ದಿನ ಪದಕ್ಕೆ ನಾವು ಯಾರ ಹತ್ತಿರವೂ ಸಾಲ ಕೇಳಬೇಕಾಗಿಲ್ಲ. ನಾಣ್ಯದ ರಾಶಿಗೆ ಧುಮುಕುವ ಸದ್ದು ಏನು? ಝಣಝಣ ಸಾಕಾಗಲ್ಲ. ನಾನು 'ಝಳಾರ್' ಅಂತ ಹಾಕುತ್ತೇನೆ.

ಕೆಂಪು ಶಾಯಿ

ಎಲ್ಲವನ್ನೂ ಪ್ರೀತಿಯಿಂದ ಓದಿದೆ. ಮಕ್ಕಳಿಗೆ ಕೊಡುವ ಮುಂಚೆ ಒಂದು ವಿಷಯ. 40, 50ರ ದಶಕದ ಈ ಕಥೆಗಳಲ್ಲಿ ಆಫ್ರಿಕಾದವರನ್ನು, ಬುಡಕಟ್ಟು ಜನರನ್ನು ಬಿಡಿಸಿದ ರೀತಿ ಎಷ್ಟೋ ಕಡೆ ನೋಯಿಸುತ್ತದೆ. ದಪ್ಪ ತುಟಿ, ಹೆದರಿದ ಕಣ್ಣು. 1949ರ ಒಂದು ಕಥೆಯಲ್ಲಿ ಬರುವ ಬಾಂಬಿ ಅನ್ನುವ, ಆಫ್ರಿಕಾದ ನಡೆದಾಡುವ ಹೆಣದ ಪಾತ್ರದ ಕಾರಣಕ್ಕೆ, ಅದನ್ನೇ ಮುಂದುವರಿಸಿದ ರೋಸಾ ಅವರ ಎರಡು ಕಥೆಗಳನ್ನು ಇನ್ನು ಮರುಮುದ್ರಿಸಲ್ಲ ಅಂತ 2023ರಲ್ಲಿ ಡಿಸ್ನಿ ನಿರ್ಧಾರ ಮಾಡಿತು. ಅದರಲ್ಲಿ ಒಂದು 'ಲೈಫ್ ಅಂಡ್ ಟೈಮ್ಸ್'ನ ಹನ್ನೊಂದನೇ ಅಧ್ಯಾಯ.

ಪುಸ್ತಕ ಮುಚ್ಚಿಡುವುದಕ್ಕಿಂತ ಪಕ್ಕದಲ್ಲಿ ಕೂತು ಓದುವುದು ಒಳ್ಳೆಯದು ಅನ್ನುವವಳು ನಾನು. ನಾವು ಆ ಪುಟದಲ್ಲಿ ನಿಂತು, "ಇದು ಯಾಕೆ ತಪ್ಪು ಹೇಳು" ಅಂತ ಮಗನ ಹತ್ತಿರ ಮಾತಾಡಿದೆವು. ಅವನಿಗೆ ನನಗಿಂತ ಬೇಗ ಅರ್ಥ ಆಯಿತು.

ಪುಟ ಮಡಚಬೇಡಿ

@ಕೆಂಪು ಶಾಯಿ, ಒಪ್ಪಿದೆ. ಬಾರ್ಕ್ಸ್ ಪ್ರಪಂಚವನ್ನು ಹೆಚ್ಚಾಗಿ ನ್ಯಾಷನಲ್ ಜಿಯಾಗ್ರಫಿಕ್ ಪುಟಗಳಲ್ಲಿ ನೋಡಿ ಬಿಡಿಸಿದವರು.

ಇನ್ನೊಂದು ನೋವೂ ಇದೆ. ಬಾರ್ಕ್ಸ್ ಹೆಸರು ಅವರ ಕಥೆಗಳ ಮೇಲೆ ಇರುತ್ತಿರಲಿಲ್ಲ. ಓದುಗರು ಅವರನ್ನು 'ಒಳ್ಳೆ ಬಾತುಕೋಳಿ ಚಿತ್ರಗಾರ' ಅಂತ ಕರೆಯುತ್ತಿದ್ದರು, ಅಷ್ಟೇ. 1960ರ ಹೊತ್ತಿಗೆ ಅಭಿಮಾನಿಗಳೇ ಹುಡುಕಿ ಹೆಸರು ಪತ್ತೆ ಮಾಡಿದರು. ಪುಟಕ್ಕೆ ಇಷ್ಟು ಅಂತ ಕೂಲಿ, ಆಮೇಲೆ ಎಷ್ಟು ಸಲ ಮುದ್ರಣವಾದರೂ ಪಾಲಿಲ್ಲ. ಜಗತ್ತಿನ ಅತಿ ಶ್ರೀಮಂತ ಬಾತುಕೋಳಿಯನ್ನು ಹುಟ್ಟಿಸಿದವರಿಗೆ ಅದರ ರಾಯಧನ ಬರಲಿಲ್ಲ. ರೋಸಾ ಕೆಲಸ ಬಿಟ್ಟದ್ದಕ್ಕೂ ಕಣ್ಣಿನ ತೊಂದರೆಯ ಜೊತೆ ಇದೇ ಕಾರಣ ಅಂತ ಅವರೇ ಬರೆದಿದ್ದಾರೆ. ಆಟದ ಕೊನೆಯಲ್ಲಿ ಹೆಸರುಗಳು ಓಡುವಾಗ ನಾನು ಕೂತು ಓದುವುದು ಅದಕ್ಕೇ.

ಎಂಟು ಬಿಟ್

ಸ್ಕಿಪ್ ಮಾಡದೆ ಅಮೆಜಾನ್ ಮುಗಿಸಿದೆ. @ಆಗುಂಬೆ ಮಳೆ, ಉಸಿರಿನ ಬಗ್ಗೆ ನೀವು ಹೇಳಿದ್ದು ಕೇಳಿಸಿತು.

ಕೊಳ್ಳಬೇಕು ಅಂದುಕೊಂಡಿರುವವರಿಗೆ: ಈ ರೀಮೇಕ್ 2019ರ ಆಗಸ್ಟ್‌ನಲ್ಲಿ ಆನ್‌ಲೈನ್ ಅಂಗಡಿಗಳಿಂದ ಮಾಯವಾಗಿತ್ತು. 2020ರ ಮಾರ್ಚ್‌ನಲ್ಲಿ ವಾಪಸ್ ಬಂತು. 1990ರ ಮಿಕ್ಕಿಯ 'ಕ್ಯಾಸಲ್ ಆಫ್ ಇಲ್ಯೂಷನ್' ಕೂಡ 2013ರಲ್ಲೇ ಹೊಸದಾಗಿ ಬಂದು, ನಡುವೆ ಹೀಗೇ ಹೋಗಿ ಬಂತು. ಪರವಾನಗಿ ಮೇಲೆ ನಿಂತ ಆಟಗಳ ಹಣೆಬರಹ ಇದು. ಇರುವಾಗ ತೆಗೆದುಕೊಳ್ಳಿ. ಮೂಲ ಆಟ ಆಡಬೇಕು ಅಂದರೆ 2017ರ 'ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್'ನಲ್ಲಿ ಎರಡೂ ಭಾಗ ಇವೆ. ತಪ್ಪಾದರೆ ಹಿಂದಕ್ಕೆ ಸುತ್ತುವ ಸೌಕರ್ಯವೂ ಇದೆ.

ಹಳೇ ಕ್ಯಾಸೆಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನದವರು ತಂದಿರುವ ಬಾರ್ಕ್ಸ್ ಸಂಪುಟದಲ್ಲಿ 'ಪುವರ್ ಓಲ್ಡ್ ಮ್ಯಾನ್', 'ಕ್ಲಾಂಡೈಕ್' ಎರಡೂ ಸಿಕ್ಕಿದವು. ಶನಿವಾರ ಮಧ್ಯಾಹ್ನ ಚಾಪೆ ಹಾಸಿ ಓದಿದೆವು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕಳ್ಳರು ಧುಮುಕುವಲ್ಲಿ 'ಝಳಾರ್' ಅಂದೆ, ಆಮೇಲೆ 'ಧೊಪ್' ಅವಳೇ ಸೇರಿಸಿದಳು.

ಕ್ಲಾಂಡೈಕ್‌ನ ಕೊನೆಯ ಪುಟದಲ್ಲಿ ಸುಮ್ಮನಾದಳು. ಪುಟ ಹಿಂದಕ್ಕೆ ತಿರುಗಿಸಿದಳು, ಸ್ಕ್ರೂಜ್ ಮಾತ್ರೆ ತಿನ್ನುವುದನ್ನು ಎಲ್ಲಾದರೂ ಬಿಡಿಸಿದ್ದಾರಾ ಅಂತ ಬೆರಳಿಟ್ಟು ಒಂದೊಂದೇ ಚೌಕಟ್ಟು ಹುಡುಕಿದಳು. ಅರ್ಧ ಗಂಟೆ ಅದೇ ಕೆಲಸ. "ಅವನು ಸುಳ್ಳು ಹೇಳಿದ್ದಾನೆ ಅಪ್ಪಾ, ಅವಳಿಗೆ ಬೇಜಾರಾಗಬಾರದು ಅಂತ" ಅಂದಳು.

ರಾತ್ರಿ ಮತ್ತೆ ಆಟಕ್ಕೆ ಕೂತೆವು. ಹಾರ್ಡ್ ಪೋಗೋ ಅವಳೇ ಆನ್ ಮಾಡಿದಳು. ಹಿಮದಲ್ಲಿ ನಾಲ್ಕು ಸಲ ಕೋಲು ಹೂತಿತು, ಐದನೇ ಸಲ ಗಟ್ಟಿ ಬಂಡೆ ಹುಡುಕಿಕೊಂಡು ದಾಟಿದಳು. ಹಿಮಮಾನವನ ಹತ್ತಿರ ಸೋತು ಮಲಗಿದ್ದಾಳೆ. ಕಿರೀಟ ನಾಳೆಗೆ.

@ಪುಟ ಮಡಚಬೇಡಿ, ಹಿಮಾಲಯದ್ದೇ ಇನ್ನೊಂದು ಕಥೆ ಇದೆಯಂತಲ್ಲ, ಬಾಟಲಿ ಮುಚ್ಚಳದ್ದು?

ಪುಟ ಮಡಚಬೇಡಿ

'ಟ್ರಾಲ್ಲಾ ಲಾ', 1954. ದುಡ್ಡೇ ಇಲ್ಲದ ಕಣಿವೆ ಹುಡುಕಿಕೊಂಡು ಸ್ಕ್ರೂಜ್ ನೆಮ್ಮದಿಗಾಗಿ ಹೋಗುತ್ತಾನೆ. ಅವನ ಔಷಧಿ ಬಾಟಲಿಯ ಒಂದು ಮುಚ್ಚಳ ಕೆಳಗೆ ಬೀಳುತ್ತದೆ. ಮುಂದಿನದು ನಾನು ಹೇಳಲ್ಲ, ಅವಳೇ ಓದಲಿ.